ಬಳ್ಳಾರಿಯಲ್ಲಿ ನಲವತ್ತು ನಿಮಿಷ

ತಿರುವಲ್ಲಿಕ್ಕೇಣಿ, ಮದರಾಸು
೧೬ ಜನವರಿ ೧೯೩೪

ಯಮುನಾ,

...‘ಭಾಳ ದೂರ ಆತು’ ಎಂದೆ ನೀನು. ಹೊಸಪೇಟೆ ಸ್ಟೇಷನ್ನಿನಲ್ಲಿ, ನನ್ನ ಗಾಡಿ ಹೊರಡುವ ಮುಂಚೆ. ಅದಕ್ಕೆ ಹಿಂದೊಂದು ಮಾತಿತ್ತು, ಮುಂದೊಂದು ಮಾತಿತ್ತು. ನನ್ನ ಬಳಿ ಉಳಿದದ್ದು ನಡುವಿನ ತುಂಡು ಮಾತ್ರ. ಮದರಾಸಿನ ಬಗ್ಗೆ ಅಂದೆಯೋ ನನ್ನ ಬಗ್ಗೆಯೋ ಎಂದು ಆಗ ಕೇಳಲಿಲ್ಲ. ಮೂರು ವರ್ಷದ ಮೇಲೆ ಕೇಳುವ ಮಾತೂ ಅಲ್ಲ. ಮದರಾಸಿನ ಬಗ್ಗೆಯೇ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ. ಅದಕ್ಕಾದರೆ ನನ್ನಲ್ಲಿ ಉತ್ತರವಿದೆ.

ಹಳೆಯ ಕೆಲಸ ಬಿಟ್ಟು ದೀಪಾವಳಿಯಿಂದ ಟಪಾಲು ವಿಮಾನದ ಕಂಪನಿಯಲ್ಲಿದ್ದೇನೆ. ಪರಂಗಿಮಲೆಯ ಹತ್ತಿರ ಒಂದು ಬಯಲು, ತಗಡಿನ ಒಂದು ಕೊಟ್ಟಿಗೆ, ಗಾಳಿ ಎತ್ತ ಬೀಸುತ್ತಿದೆಯೆಂದು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ. ವಿಮಾನ ವಾರಕ್ಕೊಮ್ಮೆ ಬರುತ್ತದೆ, ವಾರಕ್ಕೊಮ್ಮೆ ಹೋಗುತ್ತದೆ. ಟಪಾಲನ್ನು ತೂಗುವುದು, ಬಂದ ಹೊತ್ತು ಹೋದ ಹೊತ್ತು ಬರೆದಿಡುವುದು ನನ್ನ ಕೆಲಸ. ಉಳಿದ ದಿನಗಳಲ್ಲಿ ಬಯಲಿಗೆ ಬಂದ ಆಡುಗಳನ್ನು ಓಡಿಸುತ್ತೇನೆ.

ಇಲ್ಲಿಂದ ಹೊರಟ ವಿಮಾನ ಮೊದಲು ಇಳಿಯುವುದು ಬಳ್ಳಾರಿಯಲ್ಲಿ. ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟರೆ ಈ ಎರಡು ಬಯಲುಗಳ ನಡುವೆ ಇನ್ನೂರ ಅರವತ್ತೇಳು ಮೈಲಿ. ರೈಲಿನ ದಾರಿ ಮುನ್ನೂರಕ್ಕೂ ಹೆಚ್ಚು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಲು ಕಾಯುವುದು ಬೇರೆ. ವಿಮಾನಕ್ಕೆ ಎರಡು ತಾಸು ಐವತ್ತು ನಿಮಿಷ ಸಾಕು. ಹನ್ನೊಂದು ವಾರ ಬರೆದಿಟ್ಟಿದ್ದೇನೆ. ಎಲ್ಲಕ್ಕಿಂತ ಕಡಿಮೆ ಎಂದರೆ ಎರಡು ತಾಸು ಮೂವತ್ತೈದು ನಿಮಿಷ. ಎಲ್ಲಕ್ಕಿಂತ ಹೆಚ್ಚು, ಮೂರು ತಾಸು ಇಪ್ಪತ್ತು, ಅವತ್ತು ಎದುರುಗಾಳಿ. ನೀನು ಮಡಿನೀರು ತಂದು ಅಡಿಗೆ ಮುಗಿಸುವಷ್ಟು ಹೊತ್ತು.

ಇನ್ನೊಂದು ವಿಷಯ. ಪೆಟ್ರೋಲು ತುಂಬಿಸಿಕೊಳ್ಳಲು ಬಳ್ಳಾರಿಯಲ್ಲಿ ನಲವತ್ತು ನಿಮಿಷ ನಿಂತು ವಿಮಾನ ಬೊಂಬಾಯಿಯ ಕಡೆಗೆ ಹೊರಡುತ್ತದೆ. ಆ ಗೆರೆಯನ್ನೂ ಎಳೆದು ನೋಡಿದೆ. ಅದು ಹೊಳೆ ದಾಟುವುದು ಕಂಪ್ಲಿಯ ಮೇಲೆ. ಸೋಮವಾರ ಹನ್ನೆರಡಕ್ಕೆ ಹದಿಮೂರು ನಿಮಿಷ ಇರುವಾಗ ಮಾಳಿಗೆ ಹತ್ತಿ ನೋಡು.

ಅತ್ತೆಯವರ ಸೊಂಟ ಹೇಗಿದೆ? ಅವರು ಹೊಳೆಯ ಮೆಟ್ಟಿಲ ಮೇಲೆ ಬಿದ್ದು, ಆರೈಕೆಗೆಂದು ನೀನು ತವರಿಗೆ ಹೋಗಿ ಈ ಸಂಕ್ರಾಂತಿಗೆ ಮೂರು ವರ್ಷವಾಯಿತು. ತಗಾದೆ ಮಾಡುತ್ತಿಲ್ಲ. ತಾರೀಖು ನೆನಪಿತ್ತು, ಬರೆದೆ.

ಕಮಲಾಕರ


ಕೋಟೆ ಓಣಿ, ಕಂಪ್ಲಿ
೩೦ ಜನವರಿ ೧೯೩೪

ನಮಸ್ಕಾರ. ನಿಮ್ಮ ಪತ್ರ ಬಂತು.

ನಿನ್ನೆ ಮಾಳಿಗೆ ಹತ್ತಿದ್ದೆ. ಠಾಣೆಯಲ್ಲಿ ಹನ್ನೆರಡರ ಗಂಟೆ ಹೊಡೆದ ಮೇಲೆ ಬಂತು. ಅಂದರೆ ಎದುರುಗಾಳಿ ಇದ್ದಿರಬೇಕು. ಒಂದು ವರ್ಷದಿಂದ ಅದನ್ನು ನೋಡುತ್ತಲೇ ಇದ್ದೇವೆ. ಎಲ್ಲಿಂದ ಬರುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಮದರಾಸಿನಿಂದ ಎಂದು ತಿಳಿದ ಮೇಲೆ ಅದರ ಸದ್ದು ಬೇರೆಯಾಗಿ ಕೇಳಿಸಿತು.

ಹರಗೋಲು ನಡೆಸುವ ಜಂಬಪ್ಪನ ಮುಂದೆ ಬಾಯಿತಪ್ಪಿ ಹೇಳಿಬಿಟ್ಟೆ. ಊರೆಲ್ಲ ಸಾರಿದ. ಇವತ್ತು ಹೊಳೆಗೆ ಹೋದಾಗ ಎಲ್ಲರೆದುರು ಶುರುಮಾಡಿದ. “ಬಾಯೋರ, ಯಜಮಾನ್ರು ಮ್ಯಾಲ ಅದಾರ, ನೀವು ಕೆಳಗ ಅದೀರಿ. ನಡುವ ನಂದೊಂದು ಹರಗೋಲು ಹಾಕ್ಲೇನ್ರಿ?” ಅಮ್ಮ ಬಿಡುತ್ತಾಳೆಯೇ? “ಏ ಜಂಬ್ಯಾ, ನೀರಾಗ ಹಾಕಿದ್ದs ಸೋರ್ತದ, ಮ್ಯಾಲೇನು ಹಾಕ್ತೀಯಲೇ!” ಎಂದಳು. ದಂಡೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ನಿಮ್ಮ ಪತ್ರವನ್ನು ಅಮ್ಮನಿಗೆ ಮತ್ತೊಮ್ಮೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬಾರದು, ಆದರೆ ಕೇಳಿದ್ದನ್ನು ಬಿಡುವುದಿಲ್ಲ. “ಅಷ್ಟು ಜಲ್ದಿ ಬರ್ಲಿಕ್ಕೆ ಬರ್ತದ ಅಂದ್ರ, ಬರದೇ ಇದ್ದವರಿಗೆ ಇನ್ನೇನು ನೆವ ಉಳೀತು?” ಎಂದಳು. ನಿಮಗಂದಳೋ ನನಗಂದಳೋ.

ಎರಡು ತಾಸು ಐವತ್ತು ನಿಮಿಷ. ಸರಿ. ತಿರುವಲ್ಲಿಕ್ಕೇಣಿಯ ಮನೆಯಲ್ಲಿ ನೀವು ಚಾಪೆಯ ಆ ತುದಿಯಲ್ಲಿ ಕೂತು ಊಟ ಮಾಡುತ್ತಿದ್ದಿರಿ, ನಾನು ಈ ತುದಿಯಲ್ಲಿ ಕೂತು ಬಡಿಸುತ್ತಿದ್ದೆ. ಆ ದೂರಕ್ಕೆ ಎಷ್ಟು ಹೊತ್ತು ಬೇಕೆಂದು ಬರೆದಿಟ್ಟಿದ್ದೀರಾ? ಎರಡು ವರ್ಷ ಅಲ್ಲಿದ್ದೆ. ನಲ್ಲಿಯ ಹತ್ತಿರ ತಮಿಳು ಕಲಿತೆ, ಮನೆಯೊಳಗೆ ಕನ್ನಡ ಮರೆತೆ.

ಜಗಳಕ್ಕೆ ಬರೆದದ್ದಲ್ಲ. ಅಮ್ಮ ಹಾಗೆಯೇ ಇದ್ದಾಳೆ. ಸದ್ಯಕ್ಕೆ ಬರುವುದಾಗುವುದಿಲ್ಲ.

ಮೇಲಿನಿಂದ ನೋಡಿದರೆ ಮಾಳಿಗೆಯ ಮೇಲೆ ನಿಂತವರು ಕಾಣುತ್ತಾರೆಯೇ?

ಯಮುನಾ


ತಿರುವಲ್ಲಿಕ್ಕೇಣಿ, ಮದರಾಸು
೨೫ ಫೆಬ್ರವರಿ ೧೯೩೪

ಯಮುನಾ,

ಚಾಪೆಯ ದೂರವನ್ನು ನಾನು ಬರೆದಿಟ್ಟಿಲ್ಲ. ಆ ಪ್ರಶ್ನೆಯ ಎದುರು ನಾಲ್ಕು ವಾರ ಕೂತಿದ್ದೆ. ಅದಕ್ಕೇ ಈ ಪತ್ರ ತಡವಾಯಿತು.

ನಿನ್ನ ಇನ್ನೊಂದು ಪ್ರಶ್ನೆಯನ್ನು ವಿಮಾನದ ಚಾಲಕನಿಗೆ ಕೇಳಿದೆ. ಮಾಳಿಗೆಯ ಮೇಲೆ ಮನುಷ್ಯರಿದ್ದಾರೆಂದು ಕಾಣುತ್ತದಂತೆ. ಯಾರೆಂದು ಕಾಣುವುದಿಲ್ಲವಂತೆ.

ಅತ್ತೆ ಹೊಳೆಯ ತನಕ ನಡೆದುಹೋಗಿ ಜಂಬಪ್ಪನನ್ನು ಬೈಯುವಷ್ಟು ಗುಣವಾಗಿದ್ದಾರೆ ಎಂದು ನಿನ್ನ ಪತ್ರದಿಂದ ತಿಳಿಯಿತು. ನೀನು ಹಾಗೆಂದು ಬರೆದಿಲ್ಲ. ನಾನೂ ಕೇಳುತ್ತಿಲ್ಲ.

ಕಂಪನಿಯವರು ನನ್ನನ್ನು ಕರಾಚಿಗೆ ಕರೆದಿದ್ದಾರೆ. ಈ ದಾರಿಯ ಆಚೆಯ ತುದಿ ಅದು. ಕರಾರು ಮೂರು ವರ್ಷದ್ದು, ನಡುವೆ ಬಿಟ್ಟು ಬರುವಂತಿಲ್ಲ. ಮಾರ್ಚ್ ೧೨ರ ಸೋಮವಾರ ಟಪಾಲು ಹಗುರವಾಗಿರುವುದರಿಂದ ಅದೇ ವಿಮಾನದಲ್ಲಿ ಹೊರಡು ಎಂದಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಇಲ್ಲಿಂದ ಹೊರಟರೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಳ್ಳಾರಿ. ಹನ್ನೊಂದೂವರೆಯ ತನಕ ನಾನು ಆ ಬಯಲಿನಲ್ಲಿ ಇರುತ್ತೇನೆ.

ನೀನು ಹೊಸಪೇಟೆಯಿಂದ ಬೆಳಗಿನ ಗಾಡಿ ಹಿಡಿದರೆ ಸರಿಯಾಗುತ್ತದೆ. ಬಳ್ಳಾರಿ ಸ್ಟೇಷನ್ನಿನಿಂದ ಬಯಲಿಗೆ ಜಟಕಾದಲ್ಲಿ ಅರ್ಧ ತಾಸು. ನೀನು ಅಲ್ಲಿದ್ದರೆ ನಾನು ವಿಮಾನ ಬಿಡುತ್ತೇನೆ. ಕರಾಚಿ ಒಲ್ಲೆ ಎಂದು ಅಲ್ಲಿಂದಲೇ ತಂತಿ ಕೊಟ್ಟು ಇಬ್ಬರೂ ರೈಲಿನಲ್ಲಿ ಮದರಾಸಿಗೆ ಹೋಗೋಣ. ನೀನು ಇಲ್ಲದಿದ್ದರೆ ಮತ್ತೆ ಹತ್ತಿ ಕೂರುತ್ತೇನೆ. ಇದಕ್ಕೆ ಉತ್ತರ ಬರೆಯಬೇಡ. ಬರೆಯಲು ಕೂತರೆ ಅಮ್ಮ ಹಾಗೆಯೇ ಇದ್ದಾಳೆ ಎಂದು ಬರೆಯುತ್ತೀ.

ಇದನ್ನು ವಿಮಾನದ ಟಪಾಲಿನಲ್ಲೇ ಕಳಿಸುತ್ತಿದ್ದೇನೆ. ನಾನು ಬರುವ ದಾರಿಯಲ್ಲಿ ನನಗಿಂತ ಮುಂಚೆ ಇದು ಬರಲಿ. ತೂಗಿ ನೋಡಿದೆ, ಹಚ್ಚಿದ ಚೀಟಿಗೆ ಮಿತಿಯಾದ ಅರ್ಧ ತೊಲಕ್ಕಿಂತ ಒಂದು ಕೂದಲಷ್ಟು ಹೆಚ್ಚಾಗುತ್ತಿದೆ; ಇವತ್ತು ಭಾನುವಾರ, ಇನ್ನೊಂದು ಚೀಟಿ ಸಿಗುವುದಿಲ್ಲ. ಬೇರೆಯವರ ಲಕೋಟೆಗಳನ್ನು ಇಷ್ಟಕ್ಕೇ ಹಿಂದಿರುಗಿಸುವವನು ನಾನು. ನನ್ನದನ್ನು ಹೇಗೆ ಬಿಡಲಿ? ಪತ್ರದಲ್ಲಿ ತೆಗೆದುಹಾಕುವ ಮಾತು ಒಂದೂ ಇಲ್ಲ. ಲಕೋಟೆಯ ಕೆಳಗಿನ ಮೂಲೆಯನ್ನು ಕತ್ತರಿಸಿ ಅಂಟು ಹಚ್ಚುತ್ತೇನೆ. ಅಲ್ಲಿ ಅಕ್ಷರವಿಲ್ಲ, ಬರಿ ಕಾಗದ.

ಕಮಲಾಕರ


ಕೋಟೆ ಓಣಿ, ಕಂಪ್ಲಿ
೯ ಮಾರ್ಚ್ ೧೯೩೪

ನಮಸ್ಕಾರ.

ಜನವರಿಯ ಪತ್ರದ ಮೇಲೆ ನಿಮ್ಮಿಂದ ಒಂದಕ್ಷರವೂ ಇಲ್ಲ. ಚಾಪೆಯ ಮಾತು ಬರೆಯಬಾರದಿತ್ತು ಎಂದುಕೊಂಡು ನಾನೂ ಸುಮ್ಮನಿದ್ದೆ. ಇವತ್ತು ಬರೆಯುತ್ತಿರುವುದು ಅಮ್ಮನ ಸಲುವಾಗಿ. ಅವಳಿಗೆ ಏನೋ ಆಗಿದೆ.

ಹೋದ ವಾರ ಬುಧವಾರ ನಾನು ನೀರು ತುಂಬಿಕೊಂಡು ಬರುವ ಹೊತ್ತಿಗೆ ಅಮ್ಮ ಹಿತ್ತಲಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಬೆಳಗಿನ ಸ್ನಾನ ಆಗಿತ್ತು, ಅಡಿಗೆಯೂ ಆಗಿತ್ತು. ಯಾಕೆಂದರೆ “ಮೈಲಿಗಿ ಆತು” ಎಂದಳು. ಏನು ತಾಗಿತೆಂದರೆ ಹೇಳಲಿಲ್ಲ. ಸಂಜೆ ನನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ನನಗೆ ಇಪ್ಪತ್ತೆಂಟು ವರ್ಷ. ಹೆರಳು ಹಾಕುತ್ತ “ಇಷ್ಟುದ್ದ ಅದ ಏನs ನಿನ್ನ ಕೂದಲ” ಎಂದು ನಿಲ್ಲಿಸಿದಳು. ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ತಿರುಗಿ ನೋಡಿದರೆ ಕೆಂಪು ಸೀರೆಯ ಸೆರಗನ್ನು ತನ್ನ ಬೋಳುತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಅಂದಿನಿಂದ ಹಬ್ಬವಿಲ್ಲದೆ ಹೋಳಿಗೆ, ಮದುವೆಯಿಲ್ಲದೆ ಬಳೆ. ಬಳೆಗಾರನನ್ನು ಕರೆಸಿ ಮೊಳಕೈ ತನಕ ಹಸಿರು ಬಳೆ ಇಡಿಸಿದ್ದಾಳೆ. ಈ ಕೈಯಲ್ಲಿ ಹಿಟ್ಟು ಹೇಗೆ ಕಲೆಸಲಿ ಎಂದರೆ “ಹಿಟ್ಟು ನಾ ಕಲಸ್ತೀನಿ, ನೀ ಕೂಡು” ಎಂದಳು. ಭಾನುವಾರ ಗಾಡಿ ಹೂಡಿಸಿ ಹಂಪಿಗೆ ಕರೆದುಕೊಂಡು ಹೋದಳು. ಗುಡ್ಡದ ಹನುಮಪ್ಪನ ಮುಂದೆ ಅಷ್ಟು ಹೊತ್ತು ಕಣ್ಣು ಮುಚ್ಚಿ ನಿಂತವಳು ಏನು ಬೇಡಿಕೊಂಡಳೋ ಗೊತ್ತಿಲ್ಲ. ಇಳಿಯುವಾಗ ಅವಳಿಗೆ ನನ್ನ ಕೈ ಬೇಕಾಗಲಿಲ್ಲ, ನನಗೇ ಅವಳು ಕೈ ಕೊಟ್ಟಳು. “ಏನಮ್ಮಾ ಇದೆಲ್ಲ?” ಎಂದೆ. “ಕೇಳಬ್ಯಾಡ. ಉಡು, ತಿನ್ನು, ಸುಮ್ಮನಿರು. ಇದ್ದಾಗ ಉಡಬೇಕು.”

ಅಮ್ಮ ಒಬ್ಬಳೇ ಆಗಿದ್ದರೆ ವಯಸ್ಸು ಎಂದುಕೊಳ್ಳುತ್ತಿದ್ದೆ. ಟಪಾಲಿನ ಪಕ್ಕೀರಪ್ಪ ನನ್ನನ್ನು ಕಂಡರೆ ಓಣಿಯ ಆಚೆ ಬದಿಗೆ ಸರಿಯುತ್ತಾನೆ. ಸೋಮವಾರ ನಾನು ಹೊಳೆಯಲ್ಲಿದ್ದಾಗ ವಿಮಾನ ಬಂತು. ಜಂಬಪ್ಪ ತಲೆ ತಗ್ಗಿಸಿ ಹಗ್ಗ ಬಿಚ್ಚುತ್ತಿದ್ದ. “ಯಾಕೋ ಜಂಬಪ್ಪ, ಇವತ್ತು ಏನೂ ಅನ್ನಲಿಲ್ಲ?” ಎಂದು ನಾನೇ ಕೆಣಕಿದೆ. “ಏನನ್ನೂದ್ರಿ ಬಾಯೋರ. ಗಾಳಿ ಭಾಳ ಐತ್ರಿ,” ಎಂದ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮುಚ್ಚಿಟ್ಟ ಒಂದು ವಿಷಯ ನನ್ನದೂ ಇದೆ. ಅಮ್ಮ ದಸರೆಯಿಂದ ಕೋಲಿಲ್ಲದೆ ನಡೆಯುತ್ತಾಳೆ. ನಿಮಗೆ ಬರೆಯಲಿಲ್ಲ. ಬರೆದರೆ ನೀವು ಬಾ ಎನ್ನುತ್ತೀರೆಂದು ಹೆದರಿದೆ. ಆಮೇಲೆ, ಬರೆದ ಮೇಲೂ ನೀವು ಬಾ ಎನ್ನದಿದ್ದರೆ ಎಂದು ಹೆದರಿದೆ. ಒಮ್ಮೆ, ಅಂಕಿಗಳಿಲ್ಲದೆ, ಬಾ ಎಂದು ಬರೆದುನೋಡಿ. ನಾನು ಬರುವವಳೇ.

ಯಮುನಾ


ಬೊಂಬಾಯಿ
೧೨ ಮಾರ್ಚ್ ೧೯೩೪, ಸಂಜೆ

ಯಮುನಾ,

ಮದರಾಸಿನಿಂದ ಬಳ್ಳಾರಿಗೆ ಇವತ್ತು ಎರಡು ತಾಸು ನಲವತ್ತೆಂಟು ನಿಮಿಷ. ಎರಡು ನಿಮಿಷ ಮುಂಚೆಯೇ ಇಳಿದೆವು.

ವಿಮಾನ ನೋಡಲು ಬಯಲಿನ ಬೇಲಿಯ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದರು. ಒಮ್ಮೆ ನಡೆದು ನೋಡಿದೆ. ಮತ್ತೊಮ್ಮೆ ಈ ತುದಿಯಿಂದ ನೋಡಿದೆ. ಹಸಿರು ಸೀರೆಯ ಒಬ್ಬರು ಬೆನ್ನು ತಿರುಗಿಸಿ ಕೂತಿದ್ದರು. ಹತ್ತಿರ ಹೋದರೆ ಮಜ್ಜಿಗೆ ಮಾರುವವರು. ಒಂದು ಲೋಟ ಕುಡಿದೆ. ದೂರದಲ್ಲಿ ಒಂದು ಜಟಕಾ ಬಂತು. ಅದರಿಂದ ಇಳಿದವರು ಟಪಾಲು ಕಚೇರಿಯವರು. ಚಾಲಕ ಯಾರಿಗಾದರೂ ಕಾಯುತ್ತಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ. ಹನ್ನೊಂದೂವರೆಗೆ ಸರಿಯಾಗಿ ಹತ್ತಿದೆ.

ಹದಿನೇಳನೆಯ ನಿಮಿಷಕ್ಕೆ ಹೊಳೆ. ಕೋಟೆ, ಬಾಳೆತೋಟ, ಮಾಳಿಗೆಗಳು. ಒಂದು ಮಾಳಿಗೆಯ ಮೇಲೆ ಯಾರೋ ನಿಂತಿದ್ದರು. ಕೈ ಎತ್ತಿದ್ದರು, ಇಲ್ಲವೆ ಬಟ್ಟೆ ಒಣಹಾಕುತ್ತಿದ್ದರು. ಚಾಲಕ ಹೇಳಿದ್ದು ನಿಜ, ಯಾರೆಂದು ಕಾಣುವುದಿಲ್ಲ.

ಕರಾರಿಗೆ ನಾಳೆ ಇಲ್ಲಿಯೇ ರುಜು ಹಾಕಬೇಕು. ಹಾಕುತ್ತೇನೆ. ನೀನು ಉತ್ತರ ಕೊಟ್ಟಿದ್ದೀ, ನನಗೆ ಕೋಪವಿಲ್ಲ. ಕರಾಚಿಯ ವಿಳಾಸ ಹಿಂಬದಿಯಲ್ಲಿದೆ. ಬರೆಯಲೇಬೇಕೆಂದಿಲ್ಲ.

ಕಮಲಾಕರ


ಕೋಟೆ ಓಣಿ, ಕಂಪ್ಲಿ
೧೮ ಮಾರ್ಚ್ ೧೯೩೪

ಯಾವ ಬಳ್ಳಾರಿ, ಯಾವ ಬೇಲಿ ಎಂದು ತಿಳಿಯದೆ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆಮೇಲೆ ತಿಳಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯುಗಾದಿಯ ಹಿಂದಿನ ದಿನ ಅಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಪಕ್ಕೀರಪ್ಪ ಓಣಿಯ ತುದಿಯಿಂದಲೇ ಕೂಗುತ್ತ ಓಡಿಬಂದ. “ಅಮ್ಮೋರ! ಮೂಲಿ ಐತ್ರಿ! ನಾಕೂ ಮೂಲಿ ಅದಾವ್ರಿ! ಅದೇ ಕೈಯಕ್ಷರ ರೀ, ನಾ ಗುರ್ತು ಹಿಡದೀನ್ರಿ!” ಅವನಿಗೆ ಹುಚ್ಚು ಹಿಡಿಯಿತು ಎಂದುಕೊಂಡೆ. ಅಮ್ಮ ಮಡಿಯನ್ನೂ ನೋಡದೆ ಅವನ ಕೈಯಿಂದ ಲಕೋಟೆ ಕಿತ್ತುಕೊಂಡಳು. ನಾಲ್ಕು ಮೂಲೆಯನ್ನೂ ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಕ್ಕಿಯ ಮೇಲೆಯೇ ಕೂತುಬಿಟ್ಟಳು. ಅಳುತ್ತಾಳೆ ಎಂದುಕೊಂಡರೆ ನಗುತ್ತಿದ್ದಳು, ನಗುತ್ತಾಳೆ ಎಂದುಕೊಂಡರೆ ನಿಮ್ಮನ್ನು ಬೈಯುತ್ತಿದ್ದಳು. “ಹಾಳಾದವನs, ಬದುಕಿದ್ದೀ ಏನೋ! ಬದುಕಿದ್ದವ ಹಂಗ್ಯಾಕ ಬರದೀ!”

ಸಾವಿನ ಕಾಗದಕ್ಕೆ ಮೂಲೆ ಹರಿದು ಕಳಿಸುತ್ತಾರೆ. ಅದನ್ನು ಹೊಸ್ತಿಲೊಳಗೆ ತರುವುದಿಲ್ಲ; ಹೊರಗೇ ಓದಿ, ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ನಿಮಗೆ ಗೊತ್ತಿಲ್ಲದ್ದಲ್ಲ. ನಿಮ್ಮ ತಂದೆಯವರ ಕಾಗದ ಹಾಗೆಯೇ ಬಂದಿತ್ತು.

ಆ ಬುಧವಾರ ಪಕ್ಕೀರಪ್ಪ ನಿಮ್ಮ ಲಕೋಟೆಯನ್ನು ಕಟ್ಟೆಯ ಮೇಲಿಟ್ಟು, “ಮದರಾಸಿಂದ್ರಿ” ಎಂದಷ್ಟೇ ಹೇಳಿ ತಿರುಗಿ ನೋಡದೆ ಹೋದನಂತೆ. ಮೂಲೆ ಕಂಡವನು ಕೈಯಕ್ಷರ ಯಾರದೆಂದು ನೋಡಲೇ ಇಲ್ಲ. ಮದರಾಸಿನಲ್ಲಿ ನಮಗಿರುವವರು ನೀವೊಬ್ಬರೇ. ಅಮ್ಮ ಮೂಲೆ ನೋಡಿದಳು. ನನ್ನಿಂದಲೂ ಓದಿಸಲಿಲ್ಲ, ಯಾರಿಂದಲೂ ಓದಿಸಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದು ಹೊಳೆಗೆ ಹೋಗಿ ಬಿಟ್ಟುಬಂದಳು. ಅಲ್ಲಿ ಜಂಬಪ್ಪ ಕಂಡಿದ್ದಾನೆ. ಓಣಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ನಾನು ಕೇಳಿಲ್ಲ. ನನಗೊಬ್ಬಳಿಗೆ ಗೊತ್ತಿರಲಿಲ್ಲ.

“ಓದಿಸಿದ್ರ ಖರೇ ಆಗ್ತಿತ್ತು,” ಎಂದಳು ಅಮ್ಮ. “ಓದಿಸದಿದ್ರ ಇನ್ನೂ ಹೊಳ್ಯಾಗs ಇರ್ತದ. ಹತ್ತನೇ ದಿನ ನಿನ್ನ ಕೂಡಿಸಿ ಏನೇನು ಮಾಡ್ತಾರ ನನಗ ಗೊತ್ತಿಲ್ಲೇನು? ನನಗ ಹತ್ತೊಂಬತ್ತಿತ್ತು. ಯುಗಾದಿ ಒಂದು ಆಗಿಬಿಡ್ಲಿ ಅಂದೆ. ನಿನಗ ಒಂದು ಹಬ್ಬ ಹೆಚ್ಚಿಗಿ ಸಿಗ್ತಿತ್ತು. ಪಾಪ ಬಂದ್ರ ನನಗ ಬರ್ಲಿ.”

ಹದಿನೈದು ದಿನ ಅವಳು ನಿಮ್ಮನ್ನು ಸತ್ತವರೆಂದು ತಿಳಿದು ನನ್ನ ತಲೆಗೆ ಹೂ ಮುಡಿಸಿದಳು. ಈಗ ಅವಳಿಗೆ ಬೇರೆ ಚಿಂತೆ. “ಹಂಗಾದ್ರ ನಾ ಅವತ್ತು ಯಾರ ಸಲುವಾಗಿ ತಲಿಗೆ ನೀರು ಹಾಕ್ಕೊಂಡ್ನೇ? ಸ್ನಾನ ಅಂತೂ ಆಗಿಹೋತು” ಎನ್ನುತ್ತಾಳೆ. ಕೇಳಿ ನಗು ಬರುತ್ತದೆ. ಆಮೇಲೆ ಬರುವುದಿಲ್ಲ.

ಅಮ್ಮ ಮಾಡಿದ್ದನ್ನು ನಾನು ಕ್ಷಮಿಸಬೇಕಾಗಿಯೇ ಇಲ್ಲ. ನಿಮ್ಮದನ್ನು ಹೇಗೆ ಎಂದು ತಿಳಿಯುತ್ತಿಲ್ಲ. ಮೂಲೆಯ ಮಾತು ಬಿಡಿ, ಅದು ಮರೆವು. ಬಳ್ಳಾರಿಯಿಂದ ಕಂಪ್ಲಿಗೆ ನಿಮ್ಮ ಗೆರೆಯಲ್ಲಿ ಎಷ್ಟು ಮೈಲಿ? ಹದಿನೇಳು ನಿಮಿಷದ ದಾರಿ ಎಂದು ನೀವೇ ಬರೆದಿದ್ದೀರಿ. ಎತ್ತಿನ ಗಾಡಿಯಲ್ಲಿ ಒಂದು ಹಗಲು. ಇಳಿದು ಬಂದು ಬಾಗಿಲು ಬಡಿಯಬಹುದಿತ್ತು. ಬಂದಿದ್ದರೆ ಹಸಿರು ಬಳೆ ಹಾಕಿಕೊಂಡು ನಾನೇ ಬಾಗಿಲು ತೆಗೆಯುತ್ತಿದ್ದೆ. ನಲವತ್ತು ನಿಮಿಷ ಕಾದು ಮೂರು ವರ್ಷಕ್ಕೆ ರುಜು ಹಾಕಿದಿರಿ.

ಮಾಳಿಗೆಯ ಮೇಲೆ ಇದ್ದವಳು ನಾನು. ಬಟ್ಟೆ ಒಣಹಾಕುತ್ತಿರಲಿಲ್ಲ.

ಯಮುನಾ


ಕರಾಚಿ
೩೧ ಮಾರ್ಚ್ ೧೯೩೪

ಯಮುನಾ,

ನಿನ್ನ ಎರಡು ಪತ್ರ ಒಂದೇ ದಿನ ಬಂದವು. ಒಂಬತ್ತನೆಯ ತಾರೀಖಿನದು ನಾನು ಹೊರಟ ಮೇಲೆ ಮದರಾಸು ತಲುಪಿ, ಅಲ್ಲಿ ಇಲ್ಲಿ ವಿಳಾಸ ತಿದ್ದಿಸಿಕೊಂಡು ಬಂದಿದೆ. ಹಳೆಯದನ್ನು ಮೊದಲು ಓದಿದೆ. ಹೊಸದನ್ನು ಮೊದಲು ಓದಿದ್ದರೆ ಹಳೆಯದನ್ನು ತೆರೆಯಲು ನನಗೆ ಧೈರ್ಯವಿರುತ್ತಿರಲಿಲ್ಲ.

ಮೂಲೆಯ ವಿಷಯ ಗೊತ್ತಿತ್ತು. ತಂದೆಯ ಕಾಗದವನ್ನು ಬೀದಿಯಲ್ಲಿ ನಿಂತು ಓದಿದವನು ನಾನೇ. ಕತ್ತರಿ ಹಿಡಿದಾಗ ನನ್ನ ಕಣ್ಣಿಗೆ ತಕ್ಕಡಿ ಬಿಟ್ಟು ಬೇರೇನೂ ಇರಲಿಲ್ಲ. ತಕ್ಕಡಿಯ ಮುಳ್ಳು ನಡುವೆ ನಿಂತಾಗ ಸಮಾಧಾನವೂ ಆಯಿತು. ಆ ಸಮಾಧಾನವನ್ನು ನೆನೆದರೆ ಈಗ ಊಟ ಸೇರುವುದಿಲ್ಲ. ಅತ್ತೆಯವರ ಕಾಲು ಮುಟ್ಟಿದೆನೆಂದು ಹೇಳು.

ಇಳಿದು ಯಾಕೆ ಬರಲಿಲ್ಲ ಎಂದು ಕೇಳಿದ್ದೀ. ಟಪಾಲಿನ ಹೊತ್ತು, ಕಂಪನಿಯ ಅಪ್ಪಣೆ ಎಂದೆಲ್ಲ ಬರೆದು ಎರಡು ಹಾಳೆ ಹರಿದೆ. ಬಾಗಿಲು ಬಡಿದರೆ ನೀನು ಬಾಗಿಲಲ್ಲಿ ನಿಂತು ಏನಾದರೂ ಹೇಳುತ್ತಿದ್ದೆ, ನಾನು ಅದನ್ನು ಕೇಳಬೇಕಾಗುತ್ತಿತ್ತು. ಬಯಲಿನಲ್ಲಿ ಕಾದರೆ ನಿನ್ನ ಉತ್ತರವನ್ನು ನಾನೇ ಬರೆದುಕೊಳ್ಳಬಹುದು. ಹಾಗೆಯೇ ಮಾಡಿದೆ. ಮಾಳಿಗೆಯ ಮೇಲಿನವರು ನೀನೇ ಎಂದು ಅವತ್ತೇ ಅನಿಸಿತ್ತು. ಬಟ್ಟೆ ಎಂದು ಬರೆದದ್ದು ಅದಕ್ಕೇ.

ಕರಾರು ಬಿಡಿಸಲು ಕೇಳಿದೆ. ಆಗುವುದಿಲ್ಲ ಎಂದರು. ಬಯಲಿನ ಅಂಚಿನಲ್ಲಿ ನನಗೆ ಎರಡು ಕೋಣೆ ಕೊಟ್ಟಿದ್ದಾರೆ. ಸುತ್ತ ಮರಳು, ಒಂಟೆಗಾಡಿ. ಉಪ್ಪುನೀರಿನ ಗಾಳಿಗೆ ಬೀಗ ತುಕ್ಕು ಹಿಡಿಯುತ್ತದೆ. ಕನ್ನಡದವರು ಯಾರೂ ಇಲ್ಲ. ಒಂದು ವಾರದಿಂದ ನಾನು ಕನ್ನಡದಲ್ಲಿ ಆಡಿದ ಮಾತೆಂದರೆ ನಿನ್ನ ಪತ್ರಗಳನ್ನು ಗಟ್ಟಿಯಾಗಿ ಓದಿಕೊಂಡದ್ದು.

ಬಾ.

ಕಮಲಾಕರ


ಬೊಂಬಾಯಿ
೧೬ ಏಪ್ರಿಲ್ ೧೯೩೪

ನಮಸ್ಕಾರ.

ನಿಮ್ಮ ಪತ್ರದ ಕೊನೆಯ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. “ಮುಂದೆ?” ಎಂದಳು. ಮುಂದೇನೂ ಇಲ್ಲ, ಅಷ್ಟೇ ಎಂದೆ. “ಅಷ್ಟು ಬರೀಲಿಕ್ಕೆ ಐದು ವರ್ಷ ಹಿಡೀತೇನು ಅವಗ!” ಎಂದು ಎದ್ದುಹೋಗಿ ಹಪ್ಪಳದ ಡಬ್ಬಿ ತುಂಬಲು ಶುರುಮಾಡಿದಳು.

ಅಮ್ಮನೂ ಬಂದಿದ್ದಾಳೆ. ನಾನು ಕರೆಯುವ ಮೊದಲೇ ತನ್ನ ಗಂಟು ಕಟ್ಟಿದ್ದಳು. “ಸತ್ತವ ಎದ್ದು ಕೂತಾನ ಅಂದ್ರ ಕಣ್ಣಲೆ ನೋಡಬ್ಯಾಡೇನು?” ಎಂದಳು. ಓಣಿಯ ಹಿರಿಯರು ಸಮುದ್ರ ದಾಟಿದರೆ ಮಡಿ ಉಳಿಯುವುದಿಲ್ಲ ಎಂದರೆ, “ದಾಟೂದೆಲ್ಲಿ ಬಂತು? ದಂಡಿ ಹಿಡಕೊಂಡು ಹೋಗೂದು” ಎಂದು ಬಾಯಿ ಮುಚ್ಚಿಸಿದಳು. ಜಂಬಪ್ಪ ಹೊಸಪೇಟೆಯ ತನಕ ಗಾಡಿಯ ಹಿಂದೆ ನಡೆದು ಬಂದ. ಗಂಟು ಏರಿಸಿಕೊಟ್ಟು, “ಬಾಯೋರ, ಅಲ್ಲಿ ಹೊಳಿ ಇಲ್ಲಂತಲ್ರಿ, ನಿಮ್ಮನ್ನ ಯಾರು ಕಾಡಸ್ತಾರ?” ಎಂದ. ಅಮ್ಮ ಕಿಟಕಿಯಿಂದ ಕೈ ಹಾಕಿ ಅವನ ತಲೆಗೆ ಒಂದು ಮೊಟಕಿದಳು. ಅವನನ್ನು ಮುಟ್ಟಿದ್ದು ಅದೇ ಮೊದಲು. ಮಡಿಯ ಮಾತು ಇಬ್ಬರೂ ಎತ್ತಲಿಲ್ಲ.

ನಾವು ಇಲ್ಲಿಯ ಛತ್ರದಲ್ಲಿದ್ದೇವೆ. ಬುಧವಾರ ಹಡಗು, ಶುಕ್ರವಾರ ಕರಾಚಿ ಎಂದರು. ಈ ಪತ್ರ ನಾಳೆಯ ವಿಮಾನಕ್ಕೆ ಹೋಗುತ್ತದೆ. ಟಪಾಲು ಕಚೇರಿಯಲ್ಲಿ ತೂಗುವಾಗ ಎದುರಿಗೇ ನಿಂತಿರುತ್ತೇನೆ. ಹೆಚ್ಚಾದರೆ ಆಗಲಿ.

ಇದು ನಿಮ್ಮ ಕೈಸೇರಿದ ಮೇಲೆ ಎರಡು ಮೂರು ದಿನ ನಿಮಗೆ ನಾವು ಬರುತ್ತಿದ್ದೇವೆಂದು ಗೊತ್ತಿರುತ್ತದೆ. ನೀವು ಅದನ್ನು ಓದಿದಾಗ ನಿಮ್ಮ ಮುಖ ಹೇಗಿತ್ತೆಂದು ನನಗೆ ಗೊತ್ತಿರುವುದಿಲ್ಲ. ಬೇಡ ಎಂದು ಬರೆದರೂ ಅದು ತಲುಪುವ ಜಾಗದಲ್ಲಿ ನಾನಿರುವುದಿಲ್ಲ. ಬೇಕೆಂದೇ ಹೀಗೆ ಹೊರಟೆ.

ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಪತ್ರಗಳಲ್ಲಿ ನಾವಿಬ್ಬರೂ ಬಹಳ ಮಾತಾಡಿಬಿಟ್ಟೆವು. ಎದುರೆದುರು ಅಷ್ಟು ಮಾತು ನಮಗೆ ಅಭ್ಯಾಸವಿಲ್ಲ. ಹಡಗಿನಿಂದ ಇಳಿದ ಗಳಿಗೆಯಿಂದ ಅಮ್ಮ ನಿಮ್ಮನ್ನು ಬೈಯಲು ಶುರುಮಾಡುತ್ತಾಳೆ, ಮನೆ ಮುಟ್ಟುವ ತನಕ ನಿಲ್ಲಿಸುವುದಿಲ್ಲ. ಅಲ್ಲಿಯವರೆಗೆ ಚಿಂತೆಯಿಲ್ಲ. ಆಮೇಲೆ ಅವಳು ಸ್ನಾನಕ್ಕೆಂದು ಎದ್ದುಹೋಗುತ್ತಾಳೆ. ಬಾಗಿಲು ಹಾಕಿದ ಸದ್ದಾಗುತ್ತದೆ, ಒಳಗೆ ನೀರಿನ ಸದ್ದು ಕೇಳುತ್ತದೆ. ಈಚೆ ಕೋಣೆಯಲ್ಲಿ ನೀವು, ನಾನು. ಆಗ ಮೊದಲು ಮಾತಾಡುವವರು ಯಾರು?